ಮೇಜಿನ ಮೇಲಿನ ಎರಡು ಕಾಡತೂಸುಗಳು

(ಆತ್ಮರಕ್ಷಣೆಗಾಗಿ ಶಸ್ತ್ರ ಪರವಾನಗಿ ಪಡೆದವರಿಗೆ ಮತ್ತು ಅರ್ಜಿ ಹಾಕುವ ಯೋಚನೆಯಲ್ಲಿರುವವರಿಗೆ ಬಳ್ಳಾರಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಈ ಮೇಜಿನ ಮೇಲೆ ಎರಡು ಕಾಡತೂಸುಗಳನ್ನು ನಿಲ್ಲಿಸಿದ್ದೇನೆ. ಎರಡರಲ್ಲೂ ಮದ್ದಿಲ್ಲ, ಪಾಠ ಹೇಳಲೆಂದೇ ಇಟ್ಟುಕೊಂಡಿರುವ ಮಾದರಿಗಳು. ಮುಂದಿನ ಸಾಲಿನವರು ಎದ್ದು ಬಂದು ಕೈಯಲ್ಲಿ ಹಿಡಿದು ನೋಡಿ, ಹಿಂದಿನವರಿಗೂ ದಾಟಿಸಿ. ಒಂದು ಉದ್ದನೆಯದು. ಅದರ ಬುಡದಲ್ಲಿ ಲೋಟದ ಅಡಿಗಿರುವಂಥ ಅಂಚು ಹೊರಚಾಚಿದೆ. ಇನ್ನೊಂದು ಗಿಡ್ಡ. ಅದರ ಬುಡದಲ್ಲಿ ಸುತ್ತಲೂ ಒಂದು ಕಾಲುವೆ ಕೊರೆದಿದೆ, ಅಂಚು ಇದೆಯೋ ಇಲ್ಲವೋ ಎಂಬಷ್ಟು ಸಣ್ಣದು. ನಿಮ್ಮಲ್ಲಿ ಜೀನ್ಸ್ ಕಾರ್ಖಾನೆಯವರು ಇದ್ದೀರಿ. ಹೊಲಿಗೆ ಯಂತ್ರದ ಬಾಬಿನ್ ನೆನಪಿಸಿಕೊಂಡರೆ ನಾನು ಹೇಳುವುದು ಗೊತ್ತಾಗುತ್ತದೆ.

ಈ ಎರಡರ ಹೆಸರೂ ಪಾಯಿಂಟ್ ಮೂವತ್ತೆರಡು. ನಿಮ್ಮ ಲೈಸೆನ್ಸ್ ಪುಸ್ತಕದಲ್ಲೂ ಬಹುಮಟ್ಟಿಗೆ '.32 ಬೋರ್' ಎಂದಷ್ಟೇ ಇರುತ್ತದೆ. ಉದ್ದನೆಯದು ರಿವಾಲ್ವರ್‌ನದು. ಪೂರ್ತಿ ಹೆಸರು .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್, ಕೋಶದ, ಅಂದರೆ ಮದ್ದು ತುಂಬುವ ಹಿತ್ತಾಳೆ ಕೊಳವೆಯ, ಉದ್ದ 23 ಮಿಲಿಮೀಟರ್. ಗಿಡ್ಡದು ಪಿಸ್ತೂಲಿನದು. ಅದು .32 ಆಟೊ, ಕೋಶದ ಉದ್ದ 17 ಮಿಲಿಮೀಟರ್ ಚಿಲ್ಲರೆ. ಯುರೋಪಿನವರು ಇದನ್ನೇ 7.65 ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ಪೆಟ್ರೋಲ್ ಬಂಕ್ ನಡೆಸುವ ಪರಿಚಯದವರೊಬ್ಬರು ತಮ್ಮ ರಿವಾಲ್ವರ್ ತೋರಿಸಲು ಮನೆಗೆ ಬಂದಿದ್ದರು. ರಾತ್ರಿ ವಸೂಲಿಯ ಹಣ ಮನೆಗೆ ಒಯ್ಯುವಾಗ ಜೊತೆಯಲ್ಲಿರಲಿ ಎಂದು ಲೈಸೆನ್ಸ್ ಪಡೆದವರು. "ಉಸ್ತಾದರೇ, ಇದರಲ್ಲಿ ಗುಂಡು ಸ್ವಲ್ಪ ಸಡಿಲ ಅನ್ನಿಸುತ್ತದೆ, ನೋಡಿ" ಎಂದರು. ಗುಂಡು ತುಂಬುವ ಸಿಲಿಂಡರ್ ತೆರೆದೆ. ಆರು ಮನೆಗಳಲ್ಲೂ ಪಿಸ್ತೂಲಿನ ಗಿಡ್ಡ ಕಾಡತೂಸುಗಳು ಕುಳಿತಿದ್ದವು. ಒಂದು ತಿಂಗಳಿಂದ ಅವರು ಅದನ್ನೇ ಸೊಂಟದಲ್ಲಿಟ್ಟುಕೊಂಡು ಓಡಾಡಿದ್ದರು. ಅಂಗಡಿಯಲ್ಲಿ '.32 ಕೊಡಿ' ಎಂದು ಕೇಳಿದ್ದಾರೆ, .32 ಕೊಟ್ಟಿದ್ದಾರೆ. ಪಿಸ್ತೂಲಿನ ಕಾಡತೂಸಿನ ಬುಡದಲ್ಲಿ ತುಸು ಅಂಚು ಇರುವುದರಿಂದ ಅದು ರಿವಾಲ್ವರಿನ ಮನೆಯಲ್ಲಿ ಹೇಗೋ ನಿಂತುಬಿಡುತ್ತದೆ. ಹಾಗೆ ನಿಲ್ಲುವುದೇ ಅಪಾಯ. ರಿವಾಲ್ವರಿನ ಕಾಡತೂಸಿಗೆ ಒಪ್ಪಿತವಾದ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡ್. ಪಿಸ್ತೂಲಿನದಕ್ಕೆ 20,500. ಕಡಿಮೆ ಒತ್ತಡಕ್ಕೆಂದು ಮಾಡಿದ ಹಳೆಯ ಸಿಲಿಂಡರಿನಲ್ಲಿ ಅದನ್ನು ಸಿಡಿಸಿದರೆ ಕೋಶ ಹರಿಯಬಹುದು, ಬಿಸಿ ಅನಿಲ ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ನುಗ್ಗಬಹುದು. ಆ ಆರನ್ನೂ ಒಂದೊಂದಾಗಿ ತೆಗೆದು ಅವರ ಅಂಗೈ ಮೇಲಿಟ್ಟಾಗ ಅವರ ಮುಖದ ಬಣ್ಣವೇ ಬದಲಾಯಿತು. ಇಂದಿನ ಮಾತನ್ನು ಇಲ್ಲಿಂದ ಶುರು ಮಾಡಿದ್ದು ಅದಕ್ಕೇ. ಯಾವ ಬೋರ್ ದೊಡ್ಡದು, ಯಾವುದು ಚಿಕ್ಕದು ಎಂಬ ಚರ್ಚೆಗೆ ಮೊದಲು ನಮ್ಮ ಆಯುಧದ ಕಾಡತೂಸು ಯಾವುದೆಂದು ನಮಗೆ ಕಣ್ಣು ಮುಚ್ಚಿಯೂ ಗೊತ್ತಿರಬೇಕು.

ನಾನು ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವನು. ಅದರಲ್ಲಿ ಒಂಬತ್ತು ವರ್ಷ ಹೊಸ ಜವಾನರಿಗೆ ಶಸ್ತ್ರಪಾಠ ಹೇಳಿದ್ದೇನೆ. ನಿವೃತ್ತನಾಗಿ ಊರಿಗೆ ಬಂದ ಮೇಲೆ ಜನ ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ. ".32 ಸಾಕಾಗುತ್ತದೆಯೇ? 9 ಎಂ.ಎಂ. ಬೇಕಿತ್ತಲ್ಲವೇ?" ಈ ಪ್ರಶ್ನೆಯನ್ನು ಮೊದಲು ಬದಿಗಿಡೋಣ. 9 ಎಂ.ಎಂ. ನಿಷೇಧಿತ ಬೋರ್. ಅದರ ಲೈಸೆನ್ಸ್ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗುವಂಥದ್ದಲ್ಲ, ಕೇಂದ್ರ ಗೃಹ ಸಚಿವಾಲಯದ ಅಧಿಕಾರಕ್ಕೆ ಸೇರಿದ್ದು, ಸಾಮಾನ್ಯ ನಾಗರಿಕನಿಗೆ ಎಟುಕುವುದಿಲ್ಲ. ನಮ್ಮ ಕಡೆ ಅಂಗಡಿಗಳಲ್ಲಿ ಕಾಣುವುದು ಹೆಚ್ಚಾಗಿ .32, ಅಪರೂಪಕ್ಕೆ .22. ಅಜ್ಜಂದಿರ ಕಾಲದ ಪೆಟ್ಟಿಗೆ ತೆರೆದರೆ .25ರ ಪುಟ್ಟ ಪಿಸ್ತೂಲು. ಈ ಮೂರರಲ್ಲೇ ನಮ್ಮ ಆಯ್ಕೆ. ಇರುವುದರಲ್ಲಿ ಸರಿಯಾದದ್ದನ್ನು ಸರಿಯಾಗಿ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಮಾತಾಡೋಣ.

ಹೆಸರುಗಳ ಗೊಂದಲದ ಬಗ್ಗೆ ಇನ್ನೊಂದು ಮಾತು. .32 ಎಂದರೆ ಇಂಚಿನ ಲೆಕ್ಕ, ನೂರರಲ್ಲಿ ಮೂವತ್ತೆರಡು ಭಾಗ. ಆದರೆ ಗುಂಡನ್ನು ಅಳೆದರೆ .312 ಇಂಚು, ಅಂದರೆ ಎಂಟು ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. .38 ಎನ್ನುವ ರಿವಾಲ್ವರ್ ಗುಂಡು ನಿಜದಲ್ಲಿ .357. ನೂರು ವರ್ಷ ಹಿಂದಿನ ಕಂಪನಿಗಳು ತಮಗೆ ತೋಚಿದಂತೆ ಇಟ್ಟ ಹೆಸರುಗಳು ಇವು. ಆದ್ದರಿಂದ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಮಾತ್ರ ಓದಬೇಡಿ, ಅದರ ಮುಂದೆ ಬರೆದಿರುವ ಪೂರ್ತಿ ಹೆಸರನ್ನು ಓದಿ. ಆಯುಧದ ನಳಿಗೆಯ ಮೇಲೂ ಅದೇ ಹೆಸರು ಕೊರೆದಿರಬೇಕು.

ಇನ್ನು ಶಕ್ತಿಯ ವಿಷಯ. .22ರ ಗುಂಡು 40 ಗ್ರೇನ್, ಅಂದರೆ ಎರಡೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು. ಗಿಡ್ಡ ನಳಿಗೆಯಿಂದ ಹೊರಟಾಗ ಅದರ ಶಕ್ತಿ ನೂರು ಜೂಲ್ ಆಸುಪಾಸು. .25 ಅದಕ್ಕಿಂತ ತುಸು ಕಡಿಮೆಯೇ. .32ರ ಎರಡೂ ಬಗೆಗಳು ಸುಮಾರು 150ರಿಂದ 175 ಜೂಲ್ ಒಳಗೆ ಬರುತ್ತವೆ. ರಿವಾಲ್ವರಿನದು ಭಾರವಾದ ಗುಂಡು, 98 ಗ್ರೇನ್, ನಿಧಾನ. ಪಿಸ್ತೂಲಿನದು ಹಗುರ, 71 ಗ್ರೇನ್, ಸೆಕೆಂಡಿಗೆ 275 ಮೀಟರ್ ವೇಗ. 9 ಎಂ.ಎಂ. 450ರಿಂದ 500 ಜೂಲ್. ಅಂಕಿಗಳನ್ನು ನೋಡಿದರೆ .32 ಬಡವಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ 170 ಜೂಲ್ ಎಂದರೆ ಹದಿನೇಳು ಕಿಲೋ ಭಾರ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಸಿನಿಮಾದಲ್ಲಿ ಗುಂಡು ತಗುಲಿದವನು ಹಾರಿ ಗೋಡೆಗೆ ಅಪ್ಪಳಿಸುತ್ತಾನೆ. ಅಂಥದ್ದು ಯಾವ ಕೈಬಂದೂಕಿನಿಂದಲೂ ಆಗದು. ಗುಂಡಿಗೆ ಮನುಷ್ಯನನ್ನು ಎತ್ತಿ ಒಗೆಯುವ ಬಲವಿದ್ದರೆ ಹಾರಿಸಿದವನ ಕೈಗೂ ಅಷ್ಟೇ ತಳ್ಳು ಬಂದು ಅವನೂ ಹಿಂದಕ್ಕೆ ಬೀಳಬೇಕಾಗಿತ್ತು.

ಇದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳುತ್ತೇನೆ. '.32 ಎಂದರೆ ಆಟಿಕೆ' ಎನ್ನುವವರ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದರು. ಎರಡೂ ಕಡೆ ಬಳಕೆಯಾದದ್ದು 7.65 ಎಂ.ಎಂ.ನ ನಾಡ ಪಿಸ್ತೂಲು ಎಂದು ತನಿಖೆಯಲ್ಲಿ ತಿಳಿದುಬಂತು. ಅಂದರೆ ಈಗ ನಿಮ್ಮ ಕೈಯಿಂದ ಕೈಗೆ ದಾಟುತ್ತಿರುವ ಈ ಗಿಡ್ಡ ಕಾಡತೂಸೇ. ಚಿಕ್ಕದು ಎಂಬ ಸಲಿಗೆಯಿಂದ ಇದನ್ನು ಯಾರೂ ಹಿಡಿಯಬೇಡಿ.

ಹಾಗಾದರೆ ಚಿಕ್ಕ ಗುಂಡಿನ ಕೊರತೆ ಯಾವುದು? ಅದು ನುಗ್ಗಿ ಬರುವವನನ್ನು ಆ ಕ್ಷಣದಲ್ಲೇ ತಡೆಯುತ್ತದೆ ಎಂಬ ಖಾತರಿ ಇಲ್ಲ. ಈ ಖಾತರಿ ದೊಡ್ಡ ಗುಂಡಿಗೂ ಇಲ್ಲ. 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ಎಫ್‌ಬಿಐನವರಿಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ನಡೆಯಿತು. ದರೋಡೆಕೋರರಲ್ಲಿ ಒಬ್ಬನಿಗೆ ಆರಂಭದಲ್ಲೇ 9 ಎಂ.ಎಂ. ಗುಂಡು ಬಿದ್ದಿತ್ತು. ಆ ಗುಂಡು ಹೃದಯದ ತನಕ ಹೋಗದೆ ಸ್ವಲ್ಪ ಮೊದಲೇ ನಿಂತಿತು. ಅಂಥ ಪೆಟ್ಟು ತಿಂದ ಮೇಲೂ ಅವನು ಹೋರಾಡುತ್ತಲೇ ಇದ್ದ, ಇಬ್ಬರು ಅಧಿಕಾರಿಗಳು ಸತ್ತರು. ಆ ಬಳಿಕ ಎಫ್‌ಬಿಐ ಗುಂಡುಗಳನ್ನು ಜೆಲ್ಲಿಯಂಥ ಜಿಲೆಟಿನ್ ಗಟ್ಟಿಯೊಳಗೆ ಹಾರಿಸಿ ನೋಡುವ ಪರೀಕ್ಷೆಯನ್ನು ಬಿಗಿಗೊಳಿಸಿತು. ಕನಿಷ್ಠ 12 ಇಂಚು ಒಳಹೋಗಬೇಕು, 18 ಇಂಚಿಗಿಂತ ಹೆಚ್ಚು ಬೇಡ ಎಂಬ ಲೆಕ್ಕ ಅಲ್ಲಿಂದ ಬಂತು. ಇಂದಿಗೂ ಜಗತ್ತಿನಲ್ಲಿ ಕಾಡತೂಸುಗಳನ್ನು ತೂಗುವುದು ಹೆಚ್ಚಾಗಿ ಇದೇ ತಕ್ಕಡಿಯಲ್ಲಿ.

ಇಲ್ಲಿ ನಮ್ಮ ದೇಶದ ಕತೆಯೊಂದು ಬರುತ್ತದೆ. ಮೂತಿ ಟೊಳ್ಳಾಗಿರುವ ಇಲ್ಲವೇ ಮೆತ್ತಗಿರುವ, ಒಳಹೊಕ್ಕ ಮೇಲೆ ಹೂವಿನಂತೆ ಅರಳುವ ಗುಂಡುಗಳ ಬಗ್ಗೆ ಕೇಳಿರುತ್ತೀರಿ. ಅದಕ್ಕೆ 'ಡಮ್ ಡಮ್ ಗುಂಡು' ಎಂಬ ಹೆಸರು ಬಿದ್ದದ್ದು ಕೋಲ್ಕತ್ತಾ ಬಳಿಯ ಡಮ್ ಡಮ್ ಶಸ್ತ್ರಾಗಾರದಿಂದ. 1890ರ ದಶಕದಲ್ಲಿ ಬ್ರಿಟಿಷರು ಅಲ್ಲಿ .303 ರೈಫಲ್‌ಗೆ ಅಂಥ ಗುಂಡು ಮಾಡಿಸಿದರು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅವುಗಳ ಬಳಕೆಯನ್ನು ನಿಷೇಧಿಸಿತು. ಹೊರದೇಶಗಳಲ್ಲಿ ಪೊಲೀಸರು ಮತ್ತು ನಾಗರಿಕರು ಇಂಥದ್ದನ್ನೇ ಇಟ್ಟುಕೊಳ್ಳುತ್ತಾರೆ, ಗುಂಡು ಅರಳಿದರೆ ಆಚೆ ತೂರಿ ಹೋಗಿ ಬೇರೆಯವರಿಗೆ ತಗಲುವುದು ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ. ಹಾಗೆಂದು ನಮ್ಮ .32ಕ್ಕೂ ಅದನ್ನೇ ಹುಡುಕಿ ಅಲೆಯುವವರು ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು. .25, .32ರಂಥ ಚಿಕ್ಕ ಗುಂಡಿಗೆ ಇರುವ ಶಕ್ತಿಯೇ ಅಲ್ಪ. ಅದನ್ನು ಅರಳುವುದಕ್ಕೇ ಖರ್ಚು ಮಾಡಿದರೆ ಒಳಹೋಗುವ ಆಳ ಕಡಿಮೆಯಾಗುತ್ತದೆ, ಹನ್ನೆರಡು ಇಂಚು ಮುಟ್ಟುವುದು ಕಷ್ಟ. ಚಿಕ್ಕ ಬೋರ್‌ಗೆ ಉಂಡೆಮೂತಿಯ ಸಾದಾ ಗುಂಡೇ ವಾಸಿ. ಸಿಗುವುದೂ ಅದೇ, ಪಿಸ್ತೂಲಿನಲ್ಲಿ ಸಿಕ್ಕಿಕೊಳ್ಳದೆ ಒಳಸರಿಯುವುದೂ ಅದೇ.

ಈಗ .22ರ ಬಗ್ಗೆ. 2014ರಲ್ಲಿ ಇಚ್ಛಾಪುರದ ರೈಫಲ್ ಕಾರ್ಖಾನೆ 'ನಿಡರ್' ಎಂಬ ಪುಟ್ಟ ರಿವಾಲ್ವರ್ ತಂದಿತು. ತೂಕ 250 ಗ್ರಾಂ, ಎಂಟು ಗುಂಡು, .22 ಬೋರ್. ಅದೇ ವರ್ಷ ಕಾನ್ಪುರದ ಕಾರ್ಖಾನೆ 'ನಿರ್ಭೀಕ್' ತಂದಿತು. ಅದು .32, ಅರ್ಧ ಕಿಲೋ ತೂಕ, ಆರು ಗುಂಡು. ದೆಹಲಿಯ 2012ರ ಡಿಸೆಂಬರ್ ಘಟನೆಯ ನೆನಪು ಹಸಿಯಾಗಿದ್ದ ಕಾಲ. ಹೆಣ್ಣುಮಕ್ಕಳ ರಕ್ಷಣೆಗೆಂದು ಅದನ್ನು ಪ್ರಚಾರ ಮಾಡಿದರು. ಎರಡರ ನಡುವೆ ಯಾವುದು ಎಂದು ಅನೇಕ ತಂದೆತಾಯಿಯರು ನನ್ನನ್ನು ಕೇಳಿದ್ದಾರೆ. ನಾನು .32ರ ಕಡೆಯವನು. ಕಾರಣ ಶಕ್ತಿಯ ಅಂಕಿಗಿಂತ ಕಾಡತೂಸಿನ ಬುಡದಲ್ಲಿದೆ.

.22ರ ಬುಡವನ್ನು ನೋಡಿ. ನಡುವೆ ಏನೂ ಇಲ್ಲ, ಬೋಳು. ಕಿಡಿ ಹಚ್ಚುವ ಮಸಾಲೆಯನ್ನು ಅಂಚಿನ ಒಳಮಡಿಕೆಯಲ್ಲಿ ಸುತ್ತಲೂ ತುಂಬಿರುತ್ತಾರೆ. ಆಯುಧದ ಪಿನ್ನು ಆ ಅಂಚನ್ನು ಜಜ್ಜಿದಾಗ ಕಿಡಿ. ಮಸಾಲೆ ಒಂದು ಕಡೆ ಸರಿಯಾಗಿ ಹರಡಿರದಿದ್ದರೆ, ಪಿನ್ನು ಅದೇ ಜಾಗಕ್ಕೆ ಬಡಿದರೆ, 'ಟಕ್' ಎಂಬ ಸದ್ದಷ್ಟೇ. ಗುರಿ ಅಭ್ಯಾಸದಲ್ಲಿ ಹೀಗಾದರೆ ಯಾರಿಗೂ ನಷ್ಟವಿಲ್ಲ. ಕತ್ತಲಲ್ಲಿ ಪ್ರಾಣದ ಮೇಲೆ ಬಂದಾಗ ಆ ಟಕ್ ಬೇರೆಯೇ ಮಾತು. .25 ಮತ್ತು .32ರಲ್ಲಿ ಮಸಾಲೆ ತುಂಬಿದ ಪುಟ್ಟ ಕ್ಯಾಪ್ ಬುಡದ ನಟ್ಟನಡುವೆ ಇರುತ್ತದೆ, ಪಿನ್ನು ಬಡಿಯುವ ಜಾಗದಲ್ಲೇ ಮಸಾಲೆ. ಜಾನ್ ಬ್ರೌನಿಂಗ್ 1905ರಲ್ಲಿ .25 ಕಾಡತೂಸನ್ನು ರೂಪಿಸಿದಾಗ ಅದು .22ಕ್ಕಿಂತ ಬಲಶಾಲಿಯಾಗಿರಲಿಲ್ಲ. ಆದರೂ ಜನ ಕೊಂಡರು, ಜೇಬಿನ ಪಿಸ್ತೂಲಿನಲ್ಲಿ ಅದು ನಂಬಿಕೆಯಿಂದ ಸಿಡಿಯುತ್ತಿತ್ತು. .32 ಆಟೊ ಕೂಡ ಅವರದೇ, 1899ರದು. ಪೆಟ್ಟಿಗೆಯ ಮೇಲೆ ಬರೆದ .22ರ ವೇಗವನ್ನೂ ನಂಬಬೇಡಿ. ಅದು ಹೆಚ್ಚಾಗಿ ಉದ್ದ ನಳಿಗೆಯ ರೈಫಲ್‌ನಿಂದ ಅಳೆದದ್ದು. ಎರಡು ಇಂಚಿನ ನಳಿಗೆಯಲ್ಲಿ ಮದ್ದು ಪೂರ್ತಿ ಉರಿಯುವ ಮೊದಲೇ ಗುಂಡು ಹೊರಬಿದ್ದಿರುತ್ತದೆ.

ಆದರೂ .22 ಯಾರಿಗೂ ಬೇಡ ಎಂದು ನಾನು ಹೇಳುವುದಿಲ್ಲ. ಕಲಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಕೈಗೆ ತಳ್ಳು ಇಲ್ಲ, ಸದ್ದು ಕಡಿಮೆ, ಕಣ್ಣು ಮುಚ್ಚಿಕೊಳ್ಳುವ ಕೆಟ್ಟ ಅಭ್ಯಾಸ ಬೆಳೆಯುವುದಿಲ್ಲ.

ಕೊಪ್ಪಳದ ಕಡೆ ದಾಳಿಂಬೆ ತೋಟ ಮಾಡಿಕೊಂಡಿರುವ ಹಿರಿಯ ಹೆಣ್ಣುಮಗಳೊಬ್ಬರು ಗಂಡ ತೀರಿಕೊಂಡ ಮೇಲೆ ತೋಟದ ಮನೆಯಲ್ಲಿ ಒಬ್ಬರೇ ಇದ್ದರು. ಅರವತ್ತು ದಾಟಿತ್ತು. "ತಮ್ಮಾ, ನನಗೊಂದು ರಿವಾಲ್ವರ್ ಆರಿಸಿಕೊಡು" ಎಂದು ಫೋನ್ ಮಾಡಿದರು. ಪರಿಚಿತರ ಅಂಗಡಿಗೆ ಕರೆದುಕೊಂಡು ಹೋದೆ. ಮಾಲೀಕರು ಖಾಲಿ ರಿವಾಲ್ವರನ್ನು ಅವರ ಕೈಗೆ ಕೊಟ್ಟರು. ಗೋಡೆಯ ಕಡೆ ಹಿಡಿದು ಟ್ರಿಗರ್ ಎಳೆಯಿರಿ ಎಂದೆ. ಸುತ್ತಿಗೆಯನ್ನು ಮೊದಲೇ ಎತ್ತಿಡದೆ ಒಂದೇ ಎಳೆತಕ್ಕೆ ಹಾರಿಸುವಾಗ ಟ್ರಿಗರಿನ ಭಾರ ಸುಮಾರು ಐದು ಕಿಲೋ ಇರುತ್ತದೆ. ಸೋನಾಮಸೂರಿಯ ಐದು ಕಿಲೋ ಚೀಲವನ್ನು ಒಂದೇ ಬೆರಳಿಗೆ ನೇತುಹಾಕಿಕೊಂಡಂತೆ. ಅಕ್ಕನ ತೋರುಬೆರಳಿನ ಗೆಣ್ಣು ಸಂಧಿವಾತದಿಂದ ಬಾತುಕೊಂಡಿತ್ತು. ಟ್ರಿಗರ್ ಅರ್ಧ ಬಂದು ನಿಂತಿತು. ಎರಡನೆಯ ಸಲ ಎಡಗೈಯ ಬೆರಳನ್ನೂ ಸೇರಿಸಿ ಎಳೆದರು. ಎಳೆತ ಮುಗಿಯಿತು, ಅಷ್ಟರಲ್ಲಿ ನಳಿಗೆಯ ಮೂತಿ ಗೋಡೆಯಿಂದ ಜಾರಿ ಕಿಟಕಿಗೆ ಹೋಗಿತ್ತು. ಕಿಟಕಿಯ ಆಚೆ ರಸ್ತೆ.

ಪಿಸ್ತೂಲು ಕೊಟ್ಟು ನೋಡಿದೆವು. ಟ್ರಿಗರ್ ಹಗುರ, ಆದರೆ ಮೊದಲ ಕಾಡತೂಸನ್ನು ಒಳಗೆ ಕೂರಿಸಲು ಮೇಲಿನ ಸ್ಲೈಡನ್ನು ಹಿಂದಕ್ಕೆಳೆಯಬೇಕು. ಚಿಕ್ಕ ಪಿಸ್ತೂಲಿನಲ್ಲಿ ಅದು ಸುಲಭ ಎಂದು ಎಲ್ಲರೂ ಭಾವಿಸುತ್ತಾರೆ. ಆಗುವುದು ತಿರುಗುಮುರುಗು. .32ರ ಸಣ್ಣ ಪಿಸ್ತೂಲುಗಳಲ್ಲಿ ಸಿಡಿತದ ಕ್ಷಣದಲ್ಲಿ ನಳಿಗೆ ಮತ್ತು ಸ್ಲೈಡನ್ನು ಒಟ್ಟಿಗೆ ಬಿಗಿದಿಡುವ ಕೊಂಡಿ ಇರುವುದಿಲ್ಲ. ಸ್ಲೈಡಿನ ಭಾರ ಮತ್ತು ಸ್ಪ್ರಿಂಗಿನ ಬಿಗುವಿನಿಂದಲೇ ಒತ್ತಡವನ್ನು ತಡೆಹಿಡಿಯಬೇಕು. ಅದಕ್ಕೇ ಸ್ಪ್ರಿಂಗ್ ಅಷ್ಟು ಬಿಗಿ. ಅಕ್ಕನ ಹೆಬ್ಬೆರಳು ಜಾರಿತು, ಉಗುರಿನ ಪಕ್ಕ ಸಿಗಿದು ರಕ್ತ ಬಂತು. ಆ ದಿನ ನಾವು ಏನನ್ನೂ ಕೊಳ್ಳಲಿಲ್ಲ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಕಾಡತೂಸಿನ ಆಯ್ಕೆ ಎಂದು ನಾವು ಕರೆಯುವುದು ಅರ್ಧಕ್ಕರ್ಧ ನಮ್ಮ ಬೆರಳಿನ, ಕಣ್ಣಿನ, ವಯಸ್ಸಿನ ಆಯ್ಕೆ. ಕೊಳ್ಳುವ ಮೊದಲು ಖಾಲಿ ಆಯುಧವನ್ನು ಹಿಡಿದು, ಗುರಿ ಅಲುಗದಂತೆ ಹತ್ತು ಸಲ ಟ್ರಿಗರ್ ಎಳೆಯಲು ಆಗುತ್ತದೆಯೇ ನೋಡಿ. ಹತ್ತನೆಯ ಸಲವೂ ಮೊದಲಿನಂತೆಯೇ ಬಂದರೆ ಅದು ನಿಮ್ಮದು. ಆರೋಗ್ಯವಾದ ಕೈ ಇದ್ದವರಿಗೆ, ದಿನವೂ ಅಭ್ಯಾಸ ಮಾಡಲಾಗದ ವ್ಯಾಪಾರಿಗಳಿಗೆ, ನಾನು .32 ರಿವಾಲ್ವರನ್ನೇ ಹೇಳುತ್ತೇನೆ. ಒಂದು ಕಾಡತೂಸು ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನ ಮನೆ ತಾನೇ ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಹಾಗೆ ಸಿಡಿಯದೆ ನಿಂತದ್ದನ್ನು ಎರಡೂ ಕೈ ಬಳಸಿ ತೆಗೆದೆಸೆಯಬೇಕು. ಬೆದರಿದ ಕೈಗಳಿಗೆ ಅದು ಬಹಳ ದೊಡ್ಡ ಕೆಲಸ. ಪಿಸ್ತೂಲು ತೆಳ್ಳಗಿದೆ, ಅಂಗಿಯಡಿ ಅಡಗುತ್ತದೆ, ನಿಜ. ಅದನ್ನು ಇಟ್ಟುಕೊಳ್ಳುವವರು ಅಭ್ಯಾಸಕ್ಕೆ ಸಮಯ ಕೊಡಲೇಬೇಕು.

ನಮ್ಮ ಬಿಸಿಲಿನ ವಿಷಯಕ್ಕೆ ಬರುತ್ತೇನೆ. ನಲವತ್ತು ಡಿಗ್ರಿ ದಾಟುವ ಊರು ನಮ್ಮದು. ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಕಾಡತೂಸುಗಳನ್ನು ಬಿಟ್ಟು ಹೋಗುವವರು ಇದ್ದಾರೆ. ನಿಲ್ಲಿಸಿದ ಕಾರಿನೊಳಗೆ ಮೇ ತಿಂಗಳಲ್ಲಿ ಎಷ್ಟು ಕುದಿಯುತ್ತದೆ ಎಂದು ಹೇಳಬೇಕಿಲ್ಲ. ಅಷ್ಟಕ್ಕೆ ಕಾಡತೂಸು ತಾನಾಗಿ ಸಿಡಿಯುವುದಿಲ್ಲ, ಆದರೆ ತಿಂಗಳುಗಟ್ಟಲೆ ಹಾಗೆ ಬೆಂದರೆ ಮದ್ದು ಕೆಡುತ್ತದೆ. ಆಯುಧವನ್ನು ಕಾರಿನಲ್ಲಿ ಬಿಟ್ಟುಹೋಗುವುದೇ ದೊಡ್ಡ ತಪ್ಪು, ಅದು ಬೇರೆ ಮಾತು.

ಇನ್ನೊಂದು, ಚರ್ಮದ ಪಟ್ಟಿ. ಒಬ್ಬರು ತಮ್ಮ ತಂದೆಯವರ ಕಾಲದ ಚರ್ಮದ ಬೆಲ್ಟ್ ತಂದು ತೋರಿಸಿದರು. ಸಾಲಾಗಿ ಕುಣಿಕೆಗಳು, ಪ್ರತಿ ಕುಣಿಕೆಯಲ್ಲೂ ಒಂದು ಕಾಡತೂಸು. ಒಂದನ್ನು ಹೊರಕ್ಕೆಳೆದೆ. ಚರ್ಮ ತಾಗಿದ್ದ ಜಾಗದಲ್ಲಿ ಹಿತ್ತಾಳೆಯ ಸುತ್ತ ಹಸಿರು ಬಳೆ. ಪೂಜೆಯ ಸಾಮಾನನ್ನು ಹುಣಸೆಹಣ್ಣು ಹಾಕಿ ತಿಕ್ಕದೆ ಬಿಟ್ಟರೆ ಹತ್ತುತ್ತದಲ್ಲ, ಅದೇ ಕಿಲುಬು. ಚರ್ಮ ಹದ ಮಾಡಲು ಬಳಸಿದ ವಸ್ತುಗಳು ಬೆವರಿನ ಜೊತೆ ಸೇರಿ ಹಿತ್ತಾಳೆಯನ್ನು ತಿನ್ನುತ್ತವೆ. ಉಗುರಿನಿಂದ ಕೆರೆದರೆ ಹಸಿರು ಪುಡಿ ಉದುರಿತು, ಕೆಳಗೆ ಸಣ್ಣ ಸಣ್ಣ ಗುಂಡಿ ಬಿದ್ದಿದ್ದವು. ಅಂಥ ಕೋಶ ಸಿಲಿಂಡರಿನೊಳಗೆ ಸರಾಗವಾಗಿ ಹೋಗುವುದಿಲ್ಲ, ಹೋದರೂ ಸಿಡಿದ ಮೇಲೆ ಹೊರಗೆ ಬರುವುದಿಲ್ಲ. ಹುಣಸೆಹಣ್ಣು, ನಿಂಬೆ, ಬ್ರಾಸೊ ಎಂದು ಮನೆಯಲ್ಲಿ ತಿಕ್ಕಲು ಹೋಗಬೇಡಿ. ಕಿಲುಬು ಹತ್ತಿದ ಕಾಡತೂಸನ್ನು ಬದಲಾಯಿಸುವುದೊಂದೇ ದಾರಿ.

ಎಣ್ಣೆಯದೂ ಇದೇ ಕತೆ. ಆಯುಧವನ್ನು ಪ್ರೀತಿಯಿಂದ ನೋಡಿಕೊಳ್ಳುವವರು ಎಣ್ಣೆ ಸುರಿದು, ಒರೆಸದೆ, ಹಾಗೆಯೇ ಕಾಡತೂಸು ತುಂಬಿಡುತ್ತಾರೆ. ತೆಳು ಎಣ್ಣೆ ಕ್ಯಾಪಿನ ಅಂಚಿನಿಂದ ಒಳಗಿಳಿದು ಮಸಾಲೆಯನ್ನು ಸಾಯಿಸುತ್ತದೆ. ಹೊರಗಿನಿಂದ ನೋಡಿದರೆ ಫಳಫಳ, ಒಳಗೆ ಜೀವವಿಲ್ಲ. ಎಣ್ಣೆ ಹಾಕಿದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಸಿಲಿಂಡರಿನ ಆರು ಮನೆಗಳನ್ನೂ ಒರೆಸಿ, ಆಮೇಲೆ ತುಂಬಿ. ಸೊಂಟದಲ್ಲಿ ಓಡಾಡಿದ ಆ ಆರು ಅಥವಾ ಏಳು ಕಾಡತೂಸುಗಳನ್ನು ವರ್ಷಕ್ಕೊಮ್ಮೆ ಗುರಿ ಅಭ್ಯಾಸದಲ್ಲಿ ಹಾರಿಸಿಬಿಡಿ, ಹೊಸದನ್ನು ತುಂಬಿಕೊಳ್ಳಿ. ನಾನು ಅದನ್ನು ದೀಪಾವಳಿಗೆ ಮೊದಲು ಮಾಡುತ್ತೇನೆ, ನೆನಪಿಗೆ ಸುಲಭ. ನಮ್ಮ .32 ಕಾಡತೂಸುಗಳು ಹೆಚ್ಚಾಗಿ ಪುಣೆಯ ಖಡ್ಕಿ ಕಾರ್ಖಾನೆಯವು. ಬುಡದ ಮೇಲೆ 'ಕೆಎಫ್' ಎಂಬ ಇಂಗ್ಲಿಷ್ ಅಕ್ಷರಗಳು ಇರುತ್ತವೆ. ಕೊಳ್ಳುವಾಗ ಪೆಟ್ಟಿಗೆ ತೆರೆಸಿ, ಎಲ್ಲವೂ ಒಂದೇ ಬಾರಿಗೆ ತಯಾರಾದ ತಂಡದವೇ, ಯಾವುದಾದರೂ ಕ್ಯಾಪ್ ಮೇಲೆದ್ದಿದೆಯೇ, ಗುಂಡು ಸಡಿಲವಾಗಿ ತಿರುಗುತ್ತದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ ತೆಗೆದುಕೊಳ್ಳಿ. ಸಂಕೋಚ ಪಡಬೇಡಿ, ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿಸಿ ನೋಡುವುದಿಲ್ಲವೇ?

ಜೊತೆಯಲ್ಲಿ ಒಯ್ಯುವ ಬಗ್ಗೆ 2016ರ ಶಸ್ತ್ರಾಸ್ತ್ರ ನಿಯಮಗಳು ಸ್ಪಷ್ಟವಾಗಿವೆ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಅದನ್ನಿಡಲೆಂದೇ ಮಾಡಿದ ಚೀಲದಲ್ಲಿ, ಅಂದರೆ ಹೋಲ್ಸ್ಟರಿನಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ನಿಮ್ಮ ಹತೋಟಿಯಲ್ಲಿರಬೇಕು. ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ, ಅಡಿಕೆ ಚೀಟಿಯ ಜೊತೆ ರಿವಾಲ್ವರ್ ಹಾಕಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೀಗದ ಕೈ ಟ್ರಿಗರಿನ ಸಂದಿಗೆ ಹೋದರೆ ಏನಾಗುತ್ತದೆ ಎಂದು ಯೋಚಿಸಿ. ಹೋಲ್ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚಬೇಕು. ಮದುವೆ ಮೆರವಣಿಗೆಯಲ್ಲಿ ತೋರಿಸುವ ವಸ್ತು ಇದಲ್ಲ. 2019ರ ತಿದ್ದುಪಡಿಯ ನಂತರ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಅಭ್ಯಾಸದ ವಿಷಯದಲ್ಲಿ ನಮ್ಮವರು ಬಹಳ ಜಿಪುಣರು. ಲೈಸೆನ್ಸ್‌ನಲ್ಲಿ ಬರೆದಷ್ಟು ಕಾಡತೂಸು ಕೊಳ್ಳಲು ಅವಕಾಶವಿದ್ದರೂ ಹತ್ತು ವರ್ಷದಿಂದ ಅದೇ ಪೆಟ್ಟಿಗೆ, ಅದರಲ್ಲಿ ಒಂದೂ ಕಡಿಮೆಯಾಗಿಲ್ಲ. ಪೊಲೀಸ್ ಇಲಾಖೆ ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ನಡೆಸಿದಾಗ ಸೇರಿಕೊಳ್ಳಿ, ಅನುಮತಿ ಪಡೆದ ರೇಂಜ್‌ಗೆ ಹೋಗಿ. ಹೊಲದಲ್ಲಿ, ಕಲ್ಲುಗುಡ್ಡದ ಕಡೆ ಹಾರಿಸಬೇಡಿ. ನಮ್ಮ ಬಂಡೆಗಳಿಗೆ ಬಡಿದ ಗುಂಡು ಎತ್ತ ತಿರುಗಿ ಬರುತ್ತದೋ ಹೇಳಲಾಗದು. ಆತ್ಮರಕ್ಷಣೆಯ ಸಂದರ್ಭ ಬರುವುದು ಒಂದು ಕೋಣೆಯ ಅಳತೆಯೊಳಗೆ. ಆದ್ದರಿಂದ ಐದಾರು ಮೀಟರಿನಿಂದ ಊಟದ ತಟ್ಟೆಯಷ್ಟು ಅಗಲದ ಗುರಿಗೆ ನಿಧಾನವಾಗಿ ಆರಕ್ಕೆ ಆರು ಬೀಳುವ ತನಕ ಹಾರಿಸಿ. ಕಿವಿಗೆ ರಕ್ಷಣೆ ಇಲ್ಲದೆ ಒಂದು ಗುಂಡೂ ಬೇಡ. ನನ್ನ ಎಡಗಿವಿಗೆ ಈಗ ಗುಬ್ಬಚ್ಚಿಯ ದನಿ ಕೇಳುವುದಿಲ್ಲ.

ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ? ಸಂಜೆ ಏಳು ಗಂಟೆಗೆ ನಮ್ಮ ಬೆಂಗಳೂರು ರಸ್ತೆಯಲ್ಲಿ ನಿಂತು ಸುತ್ತ ನೋಡಿ. ಎಲ್ಲ ದಿಕ್ಕಿನಲ್ಲೂ ಮನುಷ್ಯರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು 34ರಿಂದ 44ನೇ ಕಲಮುಗಳವರೆಗೆ ಇದೆ. ಹಳೆಯ ದಂಡ ಸಂಹಿತೆಯ 96ರಿಂದ 106. ಎದುರಾಳಿಯ ಸಾವಿಗೆ ಕಾರಣವಾದರೂ ಹಕ್ಕು ಯಾವಾಗ ಉಳಿಯುತ್ತದೆ ಎಂಬುದು 38ರಲ್ಲಿದೆ. ಪ್ರಾಣಭಯ, ತೀವ್ರ ಗಾಯದ ಭಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ ಅದರಲ್ಲಿ ಸೇರಿವೆ. 37ನೇ ಕಲಮನ್ನು ಮಾತ್ರ ಇಂದು ರಾತ್ರಿ ಮನೆಗೆ ಹೋಗಿ ಎರಡು ಸಲ ಓದಿ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ, ರಕ್ಷಣೆಗೆ ಅಗತ್ಯವಿದ್ದದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕೂ ಇಲ್ಲ ಎನ್ನುತ್ತದೆ ಅದು. ಚೀಲ ಕಸಿದು ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿದವರು ನ್ಯಾಯಾಲಯದಲ್ಲಿ ಯಾವ ಕಾಡತೂಸು ಬಳಸಿದೆ ಎಂದು ವಿವರಿಸಿ ಪಾರಾಗುವುದಿಲ್ಲ.

ತೋಟದ ಅಕ್ಕನ ವಿಷಯ ಅರ್ಧಕ್ಕೆ ಬಿಟ್ಟೆ. ಅವರು ಅರ್ಜಿಯನ್ನು ಮುಂದುವರಿಸಲಿಲ್ಲ. ಅವರ ತಮ್ಮನ ಮಗ ಹೆಂಡತಿ ಮಕ್ಕಳೊಂದಿಗೆ ತೋಟಕ್ಕೇ ಬಂದು ನಿಂತ. ಅಂಗಳಕ್ಕೆ ಎರಡು ದೊಡ್ಡ ದೀಪ, ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಅಗುಳಿ, ಎರಡು ಮುಧೋಳ ನಾಯಿಗಳು. ಹಾಗೆ ಮಾಡಿಕೊಂಡಾಗಲೇ ಅವರ ಗಂಡನ ಟ್ರಂಕಿನ ಅಡಿಯಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು. ಹನ್ನೆರಡು ಹಳೆಯ ಕಾಡತೂಸುಗಳು, ಕಿಲುಬು ಹತ್ತಿದವು. ಗಂಡನಿಗೆ ಹಿಂದೆ ಲೈಸೆನ್ಸ್ ಇತ್ತು, ಆಯುಧವನ್ನು ಅವರು ಬದುಕಿದ್ದಾಗಲೇ ಒಪ್ಪಿಸಿದ್ದರು, ಇವು ಮರೆತು ಉಳಿದಿದ್ದವು. "ಕಾಲುವೆಗೆ ಎಸೆದುಬಿಡಲೇ, ತಮ್ಮಾ?" ಎಂದು ಕೇಳಿದರು.

ನಿಮ್ಮಲ್ಲೂ ಇಂಥ ಗಂಟುಗಳು ಇರುತ್ತವೆ, ಅದಕ್ಕೇ ಹೇಳುತ್ತಿದ್ದೇನೆ. ತುಂಗಭದ್ರೆಯ ಕಾಲುವೆಗಳಲ್ಲಿ ನೀರು ನಿಂತ ಬೇಸಿಗೆಯಲ್ಲಿ ಹುಡುಗರು ತಳದಲ್ಲೇ ಆಡುತ್ತಾರೆ. ಎಸೆದದ್ದು ಮೊದಲು ಸಿಗುವುದು ಅವರಿಗೆ. ತಿಪ್ಪೆಗೆ ಹಾಕಬೇಡಿ, ಒಲೆಗೆ ಹಾಕಬೇಡಿ, ಹಳೆ ಹಿತ್ತಾಳೆ ಎಂದು ಗುಜರಿಗೆ ಕೊಡಬೇಡಿ. ಲೈಸೆನ್ಸ್ ಇಲ್ಲದೆ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಮೊದಲು ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿ. ನಾನು ಅಕ್ಕನ ಮನೆಯಿಂದಲೇ ಠಾಣೆಗೆ ಫೋನ್ ಮಾಡಿದೆ, ಸಿಬ್ಬಂದಿಯೊಬ್ಬರು ಬಂದು ಎಣಿಸಿದರು, ಬುಡದ ಮೇಲಿನ ಗುರುತುಗಳನ್ನು ಬರೆದುಕೊಂಡರು, ಹನ್ನೆರಡು ಎಂದು ಅಕ್ಷರದಲ್ಲೂ ಅಂಕಿಯಲ್ಲೂ ಬರೆದು ರಸೀದಿ ಕೊಟ್ಟರು. ಅಕ್ಕ ಆ ರಸೀದಿಯನ್ನು ತೋಟದ ಪಹಣಿ ಇಟ್ಟಿದ್ದ ಕಡತದಲ್ಲೇ ಸೇರಿಸಿಟ್ಟರು.